ಬೀದಿಯ ನಡುವೆ ಗಡಿ

ಬೆಳಗ್ಗೆಯಿಂದ ಸೆಲ್ಮೆಂತ್ಸ್ ಅನ್ನೋ ಊರೇ ತಲೆಯಲ್ಲಿ ಕೂತಿದೆ. ಹಂಗೇರಿಯನ್ ಮಾತಾಡೋ ಜನರ ಹಳ್ಳಿ. ಎರಡನೇ ಮಹಾಯುದ್ಧದ ಕೊನೆಗೆ ಸೋವಿಯತ್ ಗಡಿ ಊರಿನ ಬೀದಿಯನ್ನೇ ಕತ್ತರಿಸಿಕೊಂಡು ಹೋಯಿತು. ದೊಡ್ಡ ಸೆಲ್ಮೆಂತ್ಸ್ ಚೆಕೊಸ್ಲೊವಾಕಿಯಾಕ್ಕೆ, ಚಿಕ್ಕ ಸೆಲ್ಮೆಂತ್ಸ್ ಸೋವಿಯತ್ ಒಕ್ಕೂಟಕ್ಕೆ. ಅಣ್ಣ ಈಚೆ, ತಂಗಿ ಆಚೆ. ಬೇಲಿ ಹತ್ತಿರ ನಿಂತು ಮಾತಾಡೋ ಹಾಗಿಲ್ಲ. ಹೊಲದಲ್ಲಿ ಕೆಲಸ ಮಾಡ್ತಾ ಹಾಡಿನ ಧಾಟಿಯಲ್ಲೇ ಸುದ್ದಿ ದಾಟಿಸ್ತಿದ್ದರಂತೆ: ಯಾರಿಗೆ ಮಗು ಆಯ್ತು, ಯಾರು ತೀರಿಕೊಂಡರು. ಕಾವಲಿನವನ ಕಿವಿಗೆ ಅದು ಬರೀ ಹಾಡು. ಆಚೆ ನಿಂತ ಮಗಳಿಗೆ ಅಪ್ಪ ಹೋದ ಸುದ್ದಿ. ಇದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತೆ.

ಸೋವಿಯತ್ ಒಕ್ಕೂಟವೇ ಹೋಯಿತು, ಬೇಲಿ ಹೋಗಲಿಲ್ಲ. ಈಗ ಅದು ಸ್ಲೊವಾಕಿಯಾ ಮತ್ತು ಉಕ್ರೇನ್ ನಡುವಿನ ಗಡಿ. ಕೂಗಿದರೆ ಕೇಳೋ ಮನೆಗೆ ಹೋಗೋಕೆ ಊರೂರು ಸುತ್ತಿ ಬರಬೇಕಿತ್ತು. ಜನ ಪಟ್ಟು ಬಿಡದೆ ಕೇಳಿ ಕೇಳಿ, ಕೊನೆಗೆ 2005ರ ಡಿಸೆಂಬರ್ 23ರಂದು ದಾರಿ ತೆರೆಯಿತು. ಅದೂ ನಡೆದು ಹೋಗೋರಿಗೆ, ಸೈಕಲ್ಲಿನವರಿಗೆ ಮಾತ್ರ.

ಗಡಿ ಅಂದರೆ ಭೂಪಟದ ಗೆರೆ ಅಂತ ನಾವು ಸಲೀಸಾಗಿ ಹೇಳ್ತೀವಿ. ಅಲ್ಲಿಯ ಅಜ್ಜಿಯರಿಗೆ ಅದು ಒಡಹುಟ್ಟಿದವರ ಮದುವೆಗೆ ಹೋಗಲಾಗದ ಕಾರಣ. ಆ ದಾರಿಗಾಗಿ ದನಿ ಎತ್ತಿದ ಊರಿನವರ ಬಗ್ಗೆ ನನಗೆ ತುಂಬು ಗೌರವ.