ಹೊಳೆ ದಾಟಿಸುವವನ ಮೈಯೇ ಅಳತೆಗೋಲು

ಜಪಾನಿನ ಶಿಜುಓಕಾ ಪ್ರಾಂತ್ಯದ ಶಿಮಾದಾ ಪಟ್ಟಣದ ವಸ್ತುಸಂಗ್ರಹಾಲಯಕ್ಕೆ ಹೋದಾಗ ನನಗೆ ಅದರ ವಿಷಯ ತಿಳಿದದ್ದು ಇಷ್ಟೇ: ಅದು ಓಯಿ ನದಿಯನ್ನು ದಾಟಿದವರ ಮತ್ತು ದಾಟಿಸಿದವರ ಕಥೆ. ಎದೋ, ಅಂದರೆ ಇಂದಿನ ಟೋಕಿಯೋ, ಮತ್ತು ಕ್ಯೋಟೋ ನಗರಗಳನ್ನು ಕೂಡಿಸುತ್ತಿದ್ದ ತೋಕಾಯ್ದೋ ಹೆದ್ದಾರಿಯ 53 ತಂಗುದಾಣಗಳಲ್ಲಿ ಶಿಮಾದಾ 23ನೆಯದು, ಎದುರು ದಂಡೆಯ ಕನಾಯಾ 24ನೆಯದು. ನಡುವಿನ ಹೊಳೆಗೆ ಸೇತುವೆಯಿರಲಿಲ್ಲ, ದೋಣಿ ಹಾಕಲು ಅಪ್ಪಣೆಯೂ ಇರಲಿಲ್ಲ. ಎದೋದಿಂದ ದೇಶವನ್ನಾಳುತ್ತಿದ್ದ ತೊಕುಗಾವಾ ಮನೆತನದ ಸೇನಾ ಆಡಳಿತ ತನ್ನ ರಕ್ಷಣೆಗಾಗಿ ಹೀಗೆ ಮಾಡಿತೆಂಬ ಮಾತು ಪ್ರಚಲಿತವಾಗಿದೆ. ಆದರೆ ಆ ಅಗಲವಾದ ಕಲ್ಲುಹಾಸಿನ ಪಾತ್ರವನ್ನೂ ನೀರಿನ ಸೆಳೆತವನ್ನೂ ಕಂಡವರಿಗೆ, ಜೊತೆಗೆ ಎರಡೂ ದಂಡೆಯ ಊರುಗಳಿಗೆ ಇದರಿಂದ ಬರುತ್ತಿದ್ದ ಆದಾಯವನ್ನು ನೆನೆದವರಿಗೆ, ಅದೊಂದೇ ಕಾರಣ ಸಾಕೆನಿಸುವುದಿಲ್ಲ.

ಹೊರುವಾಳುಗಳು ಪ್ರಯಾಣಿಕರನ್ನು ಹೊತ್ತು ದಾಟಿಸುತ್ತಿದ್ದ ಈ ಪದ್ಧತಿಗೆ 1696ರಲ್ಲಿ ಕಟ್ಟುನಿಟ್ಟಾದ ವ್ಯವಸ್ಥೆ ಬಂತು. ಪ್ರಯಾಣಿಕರು ದಂಡೆಯ ಕಚೇರಿಯಲ್ಲಿ ಚೀಟಿ ಕೊಳ್ಳಬೇಕು, ಹೊರುವಾಳು ಅದನ್ನು ತನ್ನ ತಲೆಪಟ್ಟಿಗೋ ಜುಟ್ಟಿಗೋ ಕಟ್ಟಿಕೊಂಡು ನೀರಿಗಿಳಿಯಬೇಕು, ಆಮೇಲೆ ಅದನ್ನು ಕೊಟ್ಟು ಕೂಲಿ ಪಡೆಯಬೇಕು. ಚೀಟಿಯ ದರಪಟ್ಟಿಯ ಮುಂದೆ ನಾನು ಬಹಳ ಹೊತ್ತು ನಿಂತೆ. ನೀರು ಹೊರುವಾಳಿನ ತೊಡೆಯವರೆಗಿದ್ದರೆ 48 ಮೊನ್ (ಆ ಕಾಲದ ಚಿಲ್ಲರೆ ನಾಣ್ಯ), ಸೊಂಟಪಟ್ಟಿಯ ಕೆಳಗಿದ್ದರೆ 52, ಅದರ ಮೇಲೇರಿದರೆ 68, ಎದೆಗೆ ಬಂದರೆ 78, ಕಂಕುಳಿಗೆ ಮುಟ್ಟಿದರೆ 94. ಹೆಗಲೇರಿ ಕೂತವನು ಒಣಗಿಯೇ ಇರುತ್ತಾನೆ, ಬೆಲೆ ನಿರ್ಧರಿಸುವುದು ಕೆಳಗಿರುವವನ ಒದ್ದೆ. ಹೆಗಲು ಬೇಡ, ಹಲಗೆಯಂಥ ಪಲ್ಲಕ್ಕಿಯೇ ಬೇಕು ಎಂದರೆ ನಾಲ್ವರು ಹೊರುವವರ ನಾಲ್ಕು ಚೀಟಿ, ಪಲ್ಲಕ್ಕಿಗೆಂದು ಎರಡು ಚೀಟಿಯ ಹಣ. ತೊಡೆಮಟ್ಟದ ನೀರಿನಲ್ಲೇ ಒಟ್ಟು 288 ಮೊನ್. ದೊಡ್ಡ ದೊರೆಗಳ ಪಲ್ಲಕ್ಕಿಗೆ ಇನ್ನೂ ಹೆಚ್ಚು ಆಳುಗಳು ಬೇಕಾಗುತ್ತಿದ್ದರು.

ನೀರು ಸುಮಾರು 136 ಸೆಂಟಿಮೀಟರ್ ಮೀರಿದರೆ ಜನಸಾಮಾನ್ಯರಿಗೆ ಹೊಳೆ ಬಂದ್, ಸುಮಾರು 150 ದಾಟಿದರೆ ಸರ್ಕಾರಿ ಟಪಾಲಿಗೂ ಬಂದ್. 1868ರಲ್ಲಿ ಹೀಗೆ 28 ದಿನ ಬಾಗಿಲು ಹಾಕಿತ್ತಂತೆ. ಅಷ್ಟೂ ದಿನ ದಂಡೆಯಲ್ಲಿ ಉಳಿದವರ ಊಟ, ವಸತಿಯ ಖರ್ಚು ಯಾರ ಗಂಟಿಗೆ ಸೇರಿತೆಂದು ಬೇರೆ ಹೇಳಬೇಕಾಗಿಲ್ಲ.

ಸಂಗ್ರಹಾಲಯದ ಪಕ್ಕದ ಹಳೆಯ ಬೀದಿಯಲ್ಲಿ ಆ ಕಚೇರಿಯನ್ನೂ ಹೊರುವಾಳುಗಳು ಸರದಿಗಾಗಿ ಕಾಯುತ್ತಿದ್ದ ಮನೆಗಳನ್ನೂ ಉಳಿಸಿಕೊಂಡಿದ್ದಾರೆ. ಮರದ ಕಂಬಗಳ ನಡುವಿನ ನೆಲ ಬಹಳ ಕಿರಿದು. ತೊಕುಗಾವಾ ಆಳ್ವಿಕೆಯ ಎದೋ ಕಾಲದ ಕೊನೆಗೆ ಒಂದೊಂದು ದಂಡೆಯಲ್ಲೂ ಸುಮಾರು 650 ಮಂದಿ ಈ ಕೆಲಸದಲ್ಲಿದ್ದರು. 1870ರಲ್ಲಿ ವ್ಯವಸ್ಥೆ ರದ್ದಾದಾಗ ಅವರೆಲ್ಲ ಒಮ್ಮೆಲೇ ಕೆಲಸ ಕಳೆದುಕೊಂಡರು; ಕೆಲವರು ಎದುರಿನ ಮಕಿನೋಹಾರಾ ಪ್ರಸ್ಥಭೂಮಿಗೆ ಹೋಗಿ ಚಹಾ ಬೆಳೆಯಲು ನಿಂತರು.

ಆ ತೋಟಗಳಿಗೆ ಹೋಗಲೆಂದೇ 1879ರಲ್ಲಿ ಕಟ್ಟಿದ, ಇಂದು 897.4 ಮೀಟರ್ ಉದ್ದವಿರುವ ಹೋರಾಯ್ ಮರದ ಸೇತುವೆಯನ್ನು ಸಂಜೆ ನಾನೂ ದಾಟಿದೆ. ಕಟಕಟೆ ಮೊಣಕಾಲಿನೆತ್ತರಕ್ಕೆ ಬರುವುದೇ ಕಷ್ಟ, ಗಾಳಿಗೆ ಕಾಲು ತಡವರಿಸುತ್ತದೆ. ತುದಿಯ ಗೂಡಿನಲ್ಲಿ 100 ಯೆನ್ ಕೊಟ್ಟೆ. ಆ ದಿನ ನೀರು ಎಷ್ಟಿದೆಯೆಂದು ಯಾರೂ ಕೇಳಲಿಲ್ಲ.