ನನ್ನದೇ ಹೆಸರಿನ ಬಿಲ್ಲು

ಉಡುಪಿಯ ತೆಂಕಪೇಟೆಯಲ್ಲಿ ನನ್ನದೊಂದು ಚಿಕ್ಕ ಟೈಲರಿಂಗ್ ಅಂಗಡಿ. ರವಿಕೆ, ಚೂಡಿದಾರ್, ಸೀರೆಗೆ ಫಾಲ್ ಹಾಕುವುದು, ಇಷ್ಟೇ ಕೆಲಸ. ಮದುವೆ ಸೀಸನ್ನಿನಲ್ಲಿ ರಾತ್ರಿ ಎಷ್ಟು ಹೊತ್ತಾದರೂ ಸರಿ, ಹೇಳಿದ ದಿನಕ್ಕೆ ಬಟ್ಟೆ ಕೊಟ್ಟೇ ಕೊಡುತ್ತೇನೆ. ಬಿಲ್ಲಿನಲ್ಲಿ ದಿನಾಂಕ ಬರೆದಿರುತ್ತದೆ. ಆ ದಿನ ಒಬ್ಬರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಕೆಲಸ ಮುಗಿಯಲು ಅದಕ್ಕಿಂತ ದೊಡ್ಡ ಕಾರಣ ಬೇಕಾ?

ಪಿಯುಸಿ ಪಾಸಾಗಬೇಕು ಎನ್ನುವ ನನ್ನ ಆಸೆಗೆ ಬಿಲ್ಲೂ ಇರಲಿಲ್ಲ, ದಿನಾಂಕವೂ ಇರಲಿಲ್ಲ. ಎಸ್‌ಎಸ್‌ಎಲ್‌ಸಿ ಮುಗಿದ ಕೂಡಲೇ ಹೊಲಿಗೆ ಕಲಿಯಲು ಹೋದವಳು ನಾನು. ಆಮೇಲೆ ಮದುವೆ, ಮಗಳು, ಅಂಗಡಿ. ಪ್ರತಿ ವರ್ಷ ರಿಸಲ್ಟ್ ಬಂದು ಪೇಪರಿನಲ್ಲಿ ಮಕ್ಕಳ ಫೋಟೊ ನೋಡುವಾಗ, ನಾನೂ ಒಂದು ಸಲ ಪರೀಕ್ಷೆ ಕಟ್ಟಬೇಕು ಅನ್ನಿಸುತ್ತಿತ್ತು. 'ಎಲ್ಲಿಗೆ ಬಂತು ಅದು?' ಎಂದು ಕೇಳಲು ಯಾರೂ ಬಾಗಿಲಿಗೆ ಬರುತ್ತಿರಲಿಲ್ಲ. ಆಸೆ ಸುಮ್ನೆ ಮುಂದಿನ ವರ್ಷಕ್ಕೆ ಹೋಗುತ್ತಿತ್ತು.

ಹೇಗೆ ಶುರು ಮಾಡುವುದು ಎಂಬುದು ಹೊಳೆದದ್ದು ಪರ್ಯಾಯದ ತಯಾರಿ ನೋಡುವಾಗ. ಕೃಷ್ಣಮಠದ ಪೂಜೆಯ ಸರದಿ ಅಷ್ಟಮಠಗಳಲ್ಲಿ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ, ಜನವರಿ 18ಕ್ಕೆ. ಆದರೆ ಕೆಲಸ ಶುರುವಾಗುವುದು ಹೆಚ್ಚುಕಡಿಮೆ ಒಂದು ವರ್ಷ ಮೊದಲು, ಬಾಳೆ ಮುಹೂರ್ತದಿಂದ. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಕೊನೆಗೆ ಭತ್ತ ಮುಹೂರ್ತ. ಊಟದ ಎಲೆ ಬೇಕಾಗುವುದು ಬಡಿಸುವ ಹೊತ್ತಿಗೆ. ಆದರೂ ನೆಡುವುದು ಬಾಳೆಯನ್ನೇ ಮೊದಲು. ಬಾಳೆ ಬೆಳೆಯಲು ತಿಂಗಳುಗಟ್ಟಲೆ ಬೇಕು, ಅವಸರ ಮಾಡಿದರೆ ಅದು ಕೇಳುವುದಿಲ್ಲ. ಯಾವುದು ನಿಧಾನಕ್ಕೆ ಬೆಳೆಯುತ್ತದೋ ಅದಕ್ಕೆ ಮೊದಲು ಕೈ ಹಾಕಬೇಕು ಅಂತ ನಮ್ಮೂರಿನವರು ಯಾವತ್ತೋ ಲೆಕ್ಕ ಹಾಕಿಟ್ಟಿದ್ದಾರೆ.

ನನಗೆ ನಿಧಾನಕ್ಕೆ ಬೆಳೆಯುವುದು ಇಂಗ್ಲಿಷ್. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಓದಿದರೆ ತಲೆಗೆ ಹೋಗುತ್ತದೆ. ಅರ್ಥಶಾಸ್ತ್ರ ಸ್ವಲ್ಪ ಗುದ್ದಾಡಿದರೆ ಬರುತ್ತದೆ. ಹಾಗಾಗಿ ಇಂಗ್ಲಿಷನ್ನು ಮೊದಲ ದಿನದಿಂದಲೇ, ದಿನಾ ಸ್ವಲ್ಪ ಸ್ವಲ್ಪ ಅಂತ ಇಟ್ಟುಕೊಂಡೆ. ಅಂಗಡಿಯ ಬಿಲ್ ಪುಸ್ತಕ ತೆಗೆದು ನನ್ನದೇ ಹೆಸರಿನಲ್ಲಿ ಒಂದು ಬಿಲ್ ಬರೆದೆ. ಡೆಲಿವರಿ: ಮಾರ್ಚ್. ಐಟಂ: ದ್ವಿತೀಯ ಪಿಯುಸಿ, ಖಾಸಗಿ ಅಭ್ಯರ್ಥಿ, ಆರು ವಿಷಯ. ಮಾರ್ಚಿನಿಂದ ಹಿಂದಕ್ಕೆ ಎಣಿಸುತ್ತಾ ಬಂದೆ. ಜನವರಿಯ ನಂತರ ಹೊಸ ಪಾಠ ಇಲ್ಲ, ಬರೀ ಹಳೆ ಪ್ರಶ್ನೆಪತ್ರಿಕೆ. ನವರಾತ್ರಿಯ ಮುಂಚಿನ ವಾರಗಳಲ್ಲಿ ಅಂಗಡಿಯಲ್ಲಿ ಉಸಿರಾಡಲೂ ಬಿಡುವಿಲ್ಲ, ಆಗ ಅರ್ಧ ಓದು. ಮಳೆಗಾಲದಲ್ಲಿ ಗಿರಾಕಿ ಕಡಿಮೆ, ಆಗ ಜಾಸ್ತಿ. ಬಿಲ್ಲನ್ನು ಬೇರೆ ಬಿಲ್ಲುಗಳ ಜೊತೆ ಗೋಡೆಯ ಕೊಕ್ಕೆಗೇ ಚುಚ್ಚಿದೆ.

ದಿನಾಂಕ ಸಿಕ್ಕಿತು. ಬಾಗಿಲಿಗೆ ಬಂದು ಕೇಳುವವರು ಬೇಕಲ್ಲ?

ಗಂಡನಿಗೆ ಹೇಳಬಹುದಿತ್ತು. ಆದರೆ ಮನೆಯವರು ಒಂದೋ 'ಪಾಪ, ಸುಸ್ತಾಗಿದ್ದಾಳೆ' ಅಂತ ಬಿಟ್ಟುಬಿಡುತ್ತಾರೆ, ಇಲ್ಲವೇ ಬೈಯುತ್ತಾರೆ. ಎರಡರಿಂದಲೂ ಓದು ಸಾಗುವುದಿಲ್ಲ. ವಾಟ್ಸಾಪ್ ಸ್ಟೇಟಸ್ ಹಾಕು ಎಂದರು ಒಬ್ಬರು. ಸ್ಟೇಟಸ್ ನೋಡಿದವರು 'ಸೂಪರ್ ಅಕ್ಕ' ಎಂದು ಕಳಿಸುತ್ತಾರೆ, ಮರುದಿನ ಅವರಿಗೇ ನೆನಪಿರುವುದಿಲ್ಲ. ಓದುವ ಮೊದಲೇ ಹೊಗಳಿಕೆ ಸಿಕ್ಕಿಬಿಟ್ಟರೆ ಓದುವುದಕ್ಕೆ ಏನು ಉಳಿಯಿತು? ನನಗೆ ಬೇಕಾದದ್ದು ಹೊಗಳದ, ಬೈಯದ, ಆದರೆ ದಿನಾ ತಪ್ಪದೆ ಕೇಳುವ ಒಬ್ಬರು.

ಅಂಥವರು ಆಗಲೇ ದಿನಾ ಅಂಗಡಿಗೆ ಬರುತ್ತಿದ್ದರು. ಪಿಗ್ಮಿ ಅಣ್ಣ, ಅಂದರೆ ದಿನಾ ಬಂದು ಸಣ್ಣ ಉಳಿತಾಯದ ದುಡ್ಡು ತೆಗೆದುಕೊಂಡು ಹೋಗುವವರು.

ಪಿಗ್ಮಿ ಹುಟ್ಟಿದ್ದೇ ಉಡುಪಿಯಲ್ಲಿ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ.ಎಂ.ಎ. ಪೈ ಸೇರಿ ಇಲ್ಲಿ ಕಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಇದನ್ನು ಶುರು ಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟರು ಮನೆಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಆ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನ ಜೊತೆ ಸೇರಿತು. ಪಿಗ್ಮಿ ಮಾತ್ರ ನಮ್ಮ ಕಡೆಯ ಸೊಸೈಟಿಗಳಲ್ಲಿ ಇವತ್ತಿಗೂ ನಡೆಯುತ್ತದೆ. ಆ ಎರಡಾಣೆಯನ್ನು ಜನ ಮನೆಯ ಡಬ್ಬಿಯಲ್ಲೂ ಹಾಕಿಡಬಹುದಿತ್ತು. ಹಾಕಿದ್ದರೆ ಸಂಜೆಗೆ ಮೀನಿಗೆ ಹೋಗುತ್ತಿತ್ತು. ಒಬ್ಬರು ದಿನಾ ಬರುತ್ತಾರೆ ಎಂಬ ಕಾರಣಕ್ಕೇ ಅದು ಉಳಿಯಿತು. ಇದನ್ನು ಯೋಚಿಸಿದಾಗೆಲ್ಲ ಆ ಮೂವರ ಮೇಲೆ ನನಗೆ ದೊಡ್ಡ ಗೌರವ. ದುಡ್ಡಿನ ವಿಷಯಕ್ಕಿಂತ ಜಾಸ್ತಿ ಮನುಷ್ಯರ ಸ್ವಭಾವ ಅವರಿಗೆ ಗೊತ್ತಿತ್ತು.

ನಮ್ಮ ಸೊಸೈಟಿಯ ಪಿಗ್ಮಿ ಅಣ್ಣನಿಗೆ ಒಂದು ದಿನ ಹೇಳಿದೆ, "ಅಣ್ಣ, ದುಡ್ಡು ತೆಗೆದುಕೊಳ್ಳುವಾಗ ನನ್ನ ಓದಿನ ಲೆಕ್ಕದ ಈ ಪುಸ್ತಕವನ್ನೂ ಒಮ್ಮೆ ನೋಡಿ. ಇವತ್ತಿನ ಓದು ಆಗಿದ್ದರೆ ಒಂದು ಸೈನ್ ಹಾಕಿ. ಆಗದಿದ್ದರೆ ಜಾಗ ಖಾಲಿ ಬಿಡಿ. ಬೇರೆ ಏನೂ ಹೇಳುವುದು ಬೇಡ." ಅವರು ನನ್ನನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿದರು. "ಆಯ್ತು ಅಕ್ಕ, ಅದಕ್ಕೆಂಥ" ಎಂದರು. ಅಷ್ಟೇ ಒಪ್ಪಂದ.

ಆ ಒಪ್ಪಂದ ಗಟ್ಟಿಯಾದದ್ದು ಜುಲೈಯ ಒಂದು ಮಧ್ಯಾಹ್ನ. ಬೆಳಿಗ್ಗೆಯಿಂದ ಒಂದೇ ಸಮ ಮಳೆ. ಶಾಲೆಗಳಿಗೆ ರಜೆ ಕೊಟ್ಟಿದ್ದರು. ಕಲ್ಸಂಕದ ಕಡೆ ನೀರು ಏರಿದೆ ಅಂತ ಸುದ್ದಿ. ಕರೆಂಟ್ ಹೋಗಿ ಮೆಷಿನ್ ನಿಂತಿತ್ತು. ಇಂಥ ದಿನ ಪಿಗ್ಮಿ ಅಣ್ಣ ಬರುವುದಿಲ್ಲ ಎಂದು ಅಕ್ಕಪಕ್ಕದವರು ಅರ್ಧ ಶಟರ್ ಎಳೆದಾಗಿತ್ತು. ನನಗೂ ಹಾಗೇ ಅನ್ನಿಸಿತು. ಆದರೆ ಊಟದ ಡಬ್ಬಿ ತೊಳೆದಿಟ್ಟ ಮೇಲೆ ಪುಸ್ತಕ ತೆರೆಯುವುದು ಎಂದು ನಿಯಮ ಮಾಡಿಕೊಂಡಿದ್ದೆ. ಡಬ್ಬಿ ತೊಳೆದಾಗಿತ್ತು. ಕಟಿಂಗ್ ಮೇಜನ್ನು ಬಾಗಿಲ ಬೆಳಕಿಗೆ ಎಳೆದು ಅರ್ಥಶಾಸ್ತ್ರ ಓದತೊಡಗಿದೆ.

ನಾಲ್ಕು ಗಂಟೆ ದಾಟಿರಬೇಕು. ಮೊಣಕಾಲಿನವರೆಗೆ ಒದ್ದೆಯಾದ ಪ್ಯಾಂಟ್, ಕೊಡೆಯ ಒಂದು ಕಡ್ಡಿ ಮುರಿದು ಜೋತಾಡುತ್ತಿದೆ, ಪಿಗ್ಮಿ ಮೆಷಿನನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಾರೆ. ಇನ್ನೊಂದು ಕೈಯಲ್ಲಿ ಹೋಟೆಲಿನಿಂದ ಕಟ್ಟಿಸಿಕೊಂಡ ಗೋಳಿಬಜೆ. ಒಳಗೆ ಬಂದವರೇ ದುಡ್ಡಿನ ಮಾತು ಎತ್ತಲಿಲ್ಲ. "ಅಕ್ಕ, ಓದಿ ಆಯ್ತಾ?"

"ಆಯ್ತು ಮಾರಾಯ್ರೆ. ಈ ಮಳೆಯಲ್ಲಿ ಬಂದದ್ದಾ?"

"ನೀವು ಓದಿ ಕೂತಿದ್ರೆ ನಾನು ಬಾರದೆ ಇರುವುದು ಹೇಗೆ? ಎಂಥ ಓದಿದ್ದು ಇವತ್ತು, ಸ್ವಲ್ಪ ಹೇಳಿ ನೋಡುವ."

ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ಎಂದೆ. ಅವರಿಗೆ ನಗು ಬಂತು. "ಅದು ಎಂಥದು, ಬಿಡಿಸಿ ಹೇಳಿ." ಪೊಟ್ಟಣ ಬಿಡಿಸಿದೆ. ಒಂದು ಗೋಳಿಬಜೆ ಅವರಿಗೆ ಕೊಟ್ಟು, ಈ ಮಳೆಯಲ್ಲಿ ಮೊದಲನೆಯದು ತಿನ್ನುವಾಗ ಆಗುವ ಖುಷಿ ಎರಡನೆಯದರಲ್ಲಿ ಸ್ವಲ್ಪ ಕಡಿಮೆ, ನಾಲ್ಕನೆಯದಕ್ಕೆ ಬೇಕೋ ಬೇಡವೋ ಅನ್ನಿಸುತ್ತದೆ, ಆರನೆಯದು ಕೊಟ್ಟರೆ ಬೇಡವೇ ಬೇಡ, ಪ್ರತಿ ಹೆಚ್ಚಿನ ಗೋಳಿಬಜೆಯಿಂದ ಸಿಗುವ ತೃಪ್ತಿ ಹೀಗೆ ಇಳಿಯುತ್ತಾ ಹೋಗುತ್ತದೆ ಎಂದೆ. ಅವರು ಅಗಿಯುತ್ತಾ ಕೇಳಿದರು. ಎರಡನೆಯದನ್ನು ತೆಗೆದುಕೊಂಡು, "ಇದರಲ್ಲಿ ಇನ್ನೂ ಇಳಿದಿಲ್ಲ" ಎಂದರು. ಆಮೇಲೆ ಕೈ ಒರೆಸಿಕೊಂಡು ಪುಸ್ತಕಕ್ಕೆ ಸೈನ್ ಹಾಕಿ, ದುಡ್ಡು ತೆಗೆದುಕೊಂಡು, ಮೆಷಿನಿನಿಂದ ಚೀಟಿ ಹರಿದು ಕೊಟ್ಟರು.

ಆವತ್ತಿನಿಂದ ಸೈನ್ ಮಾತ್ರ ಸಾಲದಾಯಿತು. ಓದಿದ್ದನ್ನು ಎರಡು ಮಾತಿನಲ್ಲಿ ಹೇಳಬೇಕು. ಇದರಿಂದ ಆದ ಉಪಕಾರ ಅಷ್ಟಿಷ್ಟಲ್ಲ. ಬಾಯಿಪಾಠ ಮಾಡಿದ್ದು ಅವರ ಮುಂದೆ ನಿಲ್ಲುತ್ತಿರಲಿಲ್ಲ. ಅರ್ಥವಾದದ್ದು ಮಾತ್ರ ನಿಲ್ಲುತ್ತಿತ್ತು.

ಮಗಳು ಮಣಿಪಾಲದಲ್ಲಿ ಸೈಕಾಲಜಿ ಓದುತ್ತಾಳೆ. ನನ್ನ ಡಬ್ಬಿಯ ನಿಯಮ ಕೇಳಿ ಅವಳಿಗೆ ಬಹಳ ಖುಷಿ. ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಇದನ್ನೇ ಬರೆದಿದ್ದಾರಂತೆ. 'ಓದುತ್ತೇನೆ' ಎಂದುಕೊಳ್ಳುವವರಿಗಿಂತ 'ಇಂಥ ಹೊತ್ತಿಗೆ, ಇಂಥ ಕಡೆ, ಇದಾದ ಕೂಡಲೇ ಓದುತ್ತೇನೆ' ಎಂದು ಗೊತ್ತುಮಾಡಿಕೊಂಡವರಿಗೆ ಕೆಲಸ ಕೈಗೂಡುವುದು ಜಾಸ್ತಿ. ಇನ್ನೊಂದು ಮಾತು ಅವಳು ಹೇಳಿದ್ದು ನನಗೆ ತುಂಬ ಆಸರೆಯಾಯಿತು. 21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ, ಅದು ಹಾಗಲ್ಲವಂತೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಂದಾಜು ಲೆಕ್ಕದಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಥರ, 18 ದಿನದಿಂದ 254 ದಿನದವರೆಗೆ. ನಡುವಿನ ಲೆಕ್ಕ 66 ದಿನ. ಮಧ್ಯೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡುವುದಿಲ್ಲ ಎಂಬುದೂ ಅದರಲ್ಲೇ ಗೊತ್ತಾಯಿತಂತೆ.

ನವರಾತ್ರಿ ಸೀಸನ್ನಿನಲ್ಲಿ ಪುಸ್ತಕದಲ್ಲಿ ಅಲ್ಲಲ್ಲಿ ಖಾಲಿ ಜಾಗ ಬಿತ್ತು. ಪಿಗ್ಮಿ ಅಣ್ಣ ಏನೂ ಕೇಳಲಿಲ್ಲ, ಏನೂ ಸಮಾಧಾನ ಹೇಳಲಿಲ್ಲ. ಖಾಲಿ ಬಿಟ್ಟು ಪುಸ್ತಕ ಮುಚ್ಚಿಟ್ಟರು. ಮರುದಿನ ಬಂದು ಮತ್ತೆ ಅದೇ ಪ್ರಶ್ನೆ, ಅದೇ ದನಿಯಲ್ಲಿ. ಇಂಥವರು ಸಿಗುವುದು ಕಷ್ಟ. ನಾವು ಯಾರಿಗಾದರೂ ಹೀಗೆ ನೆರವಾಗಬೇಕಾದರೆ ಉಪದೇಶ ಮಾಡುವ ಬಾಯಿಯನ್ನು ಕಟ್ಟಿಕೊಳ್ಳಬೇಕು. ಅದು ಓದುವುದಕ್ಕಿಂತ ಕಷ್ಟದ ಕೆಲಸ.

ಡಿಸೆಂಬರಿನಲ್ಲಿ ಅವರು ಮಗನ ಮದುವೆಗೆ ರಜೆ ಹಾಕಿದರು. ಹೋಗುವ ಮೊದಲು ಅವರೇ ಪಕ್ಕದ ಹೂವಿನಕ್ಕನ ಹತ್ತಿರ ಹೋಗಿ, "ನಾನು ಬರುವವರೆಗೆ ಇವರ ಪುಸ್ತಕ ನೀವು ನೋಡಿ" ಎಂದು ಹೇಳಿದರು. ಹೂವಿನಕ್ಕ ಮಲ್ಲಿಗೆಯ ಅಟ್ಟೆ ಬದಿಗಿಟ್ಟು ಬಂದು, ಕನ್ನಡಕ ಹಾಕಿಕೊಂಡು, ಪ್ರತಿ ಸಾಲಿಗೂ ಬೆರಳಿಟ್ಟು ಓದಿ ಸೈನ್ ಹಾಕುತ್ತಿದ್ದರು.

ಮಾರ್ಚಿನಲ್ಲಿ ಪರೀಕ್ಷೆ ಬರೆದೆ. ಪಾಸಾದೆ. ಇತಿಹಾಸದಲ್ಲಿ ಒಳ್ಳೆಯ ಅಂಕ, ಇಂಗ್ಲಿಷ್‌ನಲ್ಲಿ ಅದಕ್ಕಿಂತ ತುಂಬ ಕಡಿಮೆ. ಆದರೆ ಮೊದಲು ನೆಟ್ಟದ್ದು ಅದನ್ನೇ ಆದ್ದರಿಂದ ದಡ ಸೇರಿದೆ. ಬಿಲ್ಲಿನ ಮೇಲೆ 'ಡೆಲಿವರಿ ಆಯಿತು' ಎಂದು ಬರೆದು ಪಿಗ್ಮಿ ಅಣ್ಣನ ಹತ್ತಿರವೇ ಸೈನ್ ಹಾಕಿಸಿದೆ.

ಈಗ ಹೂವಿನಕ್ಕ ಸ್ಕೂಟರ್ ಕಲಿಯುತ್ತಿದ್ದಾರೆ. ಬೆಳಿಗ್ಗೆ ಹೂವು ತರಲು ರಿಕ್ಷಾದವರನ್ನು ಕಾಯುವುದು ಸಾಕಾಗಿದೆಯಂತೆ. ಅವರಿಗೂ ಒಂದು ಬಿಲ್ ಬರೆದುಕೊಟ್ಟಿದ್ದೇನೆ. ದಿನಾ ಕೇಳುವ ಕೆಲಸ ನನ್ನದು. "ನಾಳೆ ಒಂದು ಕೇಳಬೇಡಿ ಅಕ್ಕ, ಸೊಸೆಯ ಸೀಮಂತ ಉಂಟು" ಎಂದರು ಮೊನ್ನೆ. ಕೇಳುತ್ತೇನೆ, ಆಗದಿದ್ದರೆ ಜಾಗ ಖಾಲಿ ಬಿಡುವ ಎಂದೆ. ಲೈಸೆನ್ಸ್ ಟೆಸ್ಟ್ ಮುಂದಿನ ತಿಂಗಳು.