ಒಂದು ಸುತ್ತು ಸ್ಪ್ರಿಂಗ್ ಕತ್ತರಿಸಿದ ಮೇಲೆ

ನನ್ನ 2010ರ ಸ್ವಿಫ್ಟ್ ಸ್ವಲ್ಪ ಕೆಳಗೆ ಕೂತಿರಬೇಕು ಅಂತ ತುಂಬಾ ದಿನದಿಂದ ಆಸೆ ಇತ್ತು. ಟೈರಿಗೂ ಅದರ ಮೇಲಿನ ತಗಡಿಗೂ ನಡುವೆ ಕೈ ತೂರುವಷ್ಟು ಜಾಗ. ಅದನ್ನು ನೋಡಿದಾಗಲೆಲ್ಲ ಕಣ್ಣಿಗೆ ಚುಚ್ಚುತ್ತಿತ್ತು. ಆ ಆಸೆ ತಪ್ಪು ಅಂತ ನನಗೆ ಇವತ್ತೂ ಅನ್ನಿಸುವುದಿಲ್ಲ. ಲೋ ಆದ ಗಾಡಿ ನೋಡಲು ಚಂದ. ಭಾರ ಕೆಳಗಿಳಿಯುವುದರಿಂದ, ಸರಿಯಾಗಿ ಮಾಡಿಸಿದರೆ, ತಿರುವಿನಲ್ಲಿ ವಾಲುವುದೂ ಕಡಿಮೆ. ಕಂಪನಿ ಕೊಟ್ಟ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಗಾಡಿಯ ಅಡಿಗೂ ನೆಲಕ್ಕೂ ನಡುವಿನ ಅಂತರ, 170 ಮಿಲಿಮೀಟರ್. ಅದರಲ್ಲಿ 40 ಹೋದರೆ ಏನು ಮಹಾ ಅಂದುಕೊಂಡೆ.

ಚಕ್ರದ ಮೇಲೆ ಗಾಡಿಯ ಭಾರ ಹೊರುವ ಸ್ಪ್ರಿಂಗ್ ಗಿಡ್ಡವಾದರೆ ಗಾಡಿ ಕೆಳಗಿಳಿಯುತ್ತದೆ. ಲೋ ಮಾಡಲೆಂದೇ ಸುತ್ತಿದ ಸ್ಪ್ರಿಂಗ್ ಸೆಟ್ ತುಟ್ಟಿ. ಕಟ್ ಮಾಡಿಸುವುದು ಅಗ್ಗ. "ಒಂದೊಂದು ಸುತ್ತು ತೆಗೆದ್ರೆ ಆಯ್ತು, ಎರಡು ತಾಸಿನ ಕೆಲಸ" ಅಂದರು ಗ್ಯಾರೇಜಿನವರು. ಮುಂದಿನ ಎರಡನ್ನು ಗ್ರೈಂಡರ್‌ನಲ್ಲಿ ಕತ್ತರಿಸಿದರು. ಸಂಜೆ ಆಯ್ತು, ಗಡಿಬಿಡಿ. ಹಿಂದಿನ ಎರಡಕ್ಕೆ ಗ್ಯಾಸ್ ಬೆಂಕಿ ಹಿಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಕಬ್ಬಿಣ ಕೆಂಪಾಗುವುದನ್ನು ನೋಡುತ್ತಾ ಸುಮ್ನೆ ಇದ್ದೆ.

ಮೊದಲ ವಾರ ಖುಷಿಯೋ ಖುಷಿ. ಶಿರಸಿ ಪೇಟೆಯಲ್ಲಿ ಎರಡು ಸಲ ಸುಮ್ಮನೆ ಸುತ್ತು ಹಾಕಿದ್ದೆ.

ನಮ್ಮ ಮನೆಗೆ ಡಾಂಬರು ರಸ್ತೆ ಬಿಟ್ಟ ಮೇಲೆ ಅರ್ಧ ಕಿಲೋಮೀಟರ್ ಮಣ್ಣಿನ ಇಳಿಜಾರು. ಮಳೆನೀರು ಹರಿದು ನಡುವೆ ದಿಬ್ಬ ಎದ್ದಿದೆ. ಆಯಿ ಹಿಂದಿನ ಸೀಟಿನಿಂದ "ತಮಾ, ಅಡಿಗೆ ಎಂತೋ ಉಜ್ತು ನೋಡು" ಅಂದಳು. ಆ ಉಜ್ಜಾಟ ಬೇಕಾದರೆ ಸಹಿಸಬಹುದು. ನನ್ನನ್ನು ನಿಜವಾಗಿ ಹೆದರಿಸಿದ್ದು ಕುಮಟಾ-ಶಿರಸಿ ನಡುವಿನ ದೇವಿಮನೆ ಘಾಟಿ.

ಕುಮಟಾದಿಂದ ನಾಲ್ಕು ಜನ, ಡಿಕ್ಕಿಯಲ್ಲಿ ಎರಡು ಅಕ್ಕಿಮೂಟೆ ಹಾಕಿಕೊಂಡು ಬರುತ್ತಿದ್ದೆವು. ಪ್ರತಿ ಹೊಂಡಕ್ಕೂ ಹಿಂದೆ ಧಡ್ ಅಂತ ಶಬ್ದ. ಸ್ಪ್ರಿಂಗ್ ಕುಗ್ಗಲು ಇದ್ದ ಜಾಗವನ್ನೇ ನಾನು ತೆಗೆಸಿಬಿಟ್ಟಿದ್ದೆ, ಹಾಗಾಗಿ ಗಾಡಿ ನೇರವಾಗಿ ಕೊನೆಯ ತಡೆಯಾದ ಬಂಪ್ ಸ್ಟಾಪ್ ರಬ್ಬರಿನ ಮೇಲೆ ಬೀಳುತ್ತಿತ್ತು. ಹೇರ್‌ಪಿನ್ ತಿರುವಿನಲ್ಲಿ ರಸ್ತೆ ಕಿತ್ತುಹೋದ ಕಡೆ ಮುಂದಿನ ಚಕ್ರ ನೆಲ ಬಿಟ್ಟು ಕುಣಿಯುತ್ತಿತ್ತು, ಸ್ಟೇರಿಂಗ್ ಕೈಯಲ್ಲಿ ಹಗುರಾಗುತ್ತಿತ್ತು. ಅರ್ಧ ಘಾಟಿ ಹತ್ತುವಾಗ ಮುಂದಿನ ಟೈರು ಪಂಕ್ಚರ್.

ಜಾಕ್ ಹಾಕಿ ಎತ್ತಿದೆ, ಚಕ್ರ ಬಿಚ್ಚಿದೆ. ಸ್ಪ್ರಿಂಗಿಗೆ ಅಂಟಿದ ಕೆಸರು ತೆಗೆಯೋಣ ಅಂತ ಎರಡು ಬೆರಳು ಹಾಕಿದರೆ ಇಡೀ ಸ್ಪ್ರಿಂಗ್ ಗರಗರ ತಿರುಗಿತು. ಅದು ಕೂರಬೇಕಾದ ಕೆಳಗಿನ ಬಟ್ಟಲಿನಿಂದ ಒಂದು ಬೆರಳಷ್ಟು ಮೇಲೆ ನಿಂತಿತ್ತು. ಗಾಡಿಯ ಭಾರ ಹೊರುವ ಸ್ಪ್ರಿಂಗ್ ಅದು. ಚಕ್ರ ಜೋತು ಬಿದ್ದಾಗಲೂ ಅದು ಮೇಲೆ ಕೆಳಗೆ ಒತ್ತಿ ಹಿಡಿದುಕೊಂಡೇ ಇರಬೇಕು. ಹೊಂಡದಲ್ಲಿ ಚಕ್ರ ಇಳಿದಾಗಲೆಲ್ಲ ಅದು ಬಟ್ಟಲು ಬಿಟ್ಟು ಎದ್ದು, ಮತ್ತೆ ಎಲ್ಲೋ ಅಡ್ಡಾದಿಡ್ಡಿ ಕೂರುತ್ತಿತ್ತು. ಆಯಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದಳು. ಅವಳಿಗೆ ಏನೂ ಹೇಳಲಿಲ್ಲ. ಅಲ್ಲಿಂದ ಮನೆಗೆ ಇಪ್ಪತ್ತರ ಸ್ಪೀಡಿನಲ್ಲಿ ಬಂದೆ.

ಮರುದಿನ ನಿಧಾನಕ್ಕೆ ಕುಮಟಾಕ್ಕೆ ವಾಪಸ್ ಹೋಗಿ ಹಳೇ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಅವರು ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಅನ್ನುವ ಸಾಧನ ಹಾಕಿ ಬಿಗಿದು ಮೇಲಿನ ನಟ್ ಬಿಚ್ಚಿದರು. (ಕಂಪ್ರೆಸರ್ ಇಲ್ಲದೆ ಆ ನಟ್ ಮುಟ್ಟಬೇಡಿ. ಸರಿ ಇರುವ ಸ್ಪ್ರಿಂಗ್ ಒಳಗೆ ಒತ್ತಿಕೊಂಡೇ ಇರುತ್ತದೆ, ಹಾರಿದರೆ ಜೀವಕ್ಕೇ ಅಪಾಯ.) ಆಮೇಲೆ ಕತ್ತರಿಸಿದ ತುದಿ ತೋರಿಸಿದರು. ಕಂಪನಿಯಿಂದ ಬಂದ ತುದಿ ಬಟ್ಟಲಿನಲ್ಲಿ ಸರಿಯಾಗಿ ಕೂರುವ ಹಾಗೆ ಇರುತ್ತದೆ. ನನ್ನದು ಚೂಪಾಗಿ, ಬಟ್ಟಲನ್ನೇ ಕೆರೆದು ಹಾಕಿತ್ತು. ಬಣ್ಣ ಹೋದ ಕಡೆ ಆಗಲೇ ತುಕ್ಕು. ಕಾರವಾರ, ಅಂಕೋಲೆ ಕಡೆಯ ಉಪ್ಪುಗಾಳಿಯಲ್ಲಿ ಆ ತುಕ್ಕಿನ ಗುಳಿಯಿಂದಲೇ ಸ್ಪ್ರಿಂಗ್ ಬಿರುಕು ಬಿಡುತ್ತದೆ ಅಂದರು.

ಹಿಂದಿನವು ಎರಡು ತಿಂಗಳಲ್ಲಿ ಇನ್ನೂ ಕುಸಿದಿದ್ದವು, ಎಡಗಡೆ ಜಾಸ್ತಿ. "ಮೆಟ್ಟುಗತ್ತಿ ಒಲೆಗೆ ಹಾಕಿದ್ರೆ ಅಡಿಕೆ ಸುಲಿತದ್ಯನಾ?" ಅಂತ ಕೇಳಿದರು. ಅಷ್ಟು ಸಾಕಾಯ್ತು ನನಗೆ. ಸ್ಪ್ರಿಂಗ್ ಉಕ್ಕಿಗೂ ಹದ ಕೊಟ್ಟಿರುತ್ತಾರೆ. ಕೆಂಪಗೆ ಕಾಯಿಸಿದರೆ ಹದ ಹೋಯ್ತು. ಗ್ರೈಂಡರ್ ಈ ವಿಷಯದಲ್ಲಿ ಮೇಲು, ಆದರೆ ಉಳಿದ ತೊಂದರೆ ಅದರಿಂದಲೂ ತಪ್ಪುವುದಿಲ್ಲ.

ನನಗೆ ಹೊಸದಾಗಿ ಅರ್ಥವಾಗಿದ್ದು ಬಿಗಿತದ ಲೆಕ್ಕ. ಸುತ್ತು ತೆಗೆದರೆ ಸ್ಪ್ರಿಂಗ್ ಮೆತ್ತಗಾಗುತ್ತದೆ ಅಂತ ನಾನು ತಿಳಿದಿದ್ದೆ. ಆಗುವುದು ಉಲ್ಟಾ. ಭಾರ ಬಿದ್ದಾಗ ಪ್ರತಿ ಸುತ್ತೂ ಸ್ವಲ್ಪ ಸ್ವಲ್ಪ ತಿರುಚಿಕೊಂಡು ಕುಗ್ಗುತ್ತದೆ. ಐದು ಸುತ್ತು ಹಂಚಿಕೊಳ್ಳುತ್ತಿದ್ದ ಕೆಲಸ ನಾಲ್ಕಕ್ಕೆ ಬಂದರೆ ಸ್ಪ್ರಿಂಗ್ 25 ಪರ್ಸೆಂಟ್ ಬಿಗಿಯಾಗುತ್ತದೆ. ಆದರೆ ಶಾಕಪ್ಸರ್ ಹಳೆಯ ಸ್ಪ್ರಿಂಗಿಗೆ ಹೊಂದಿಸಿದ್ದು. ಹೆಚ್ಚು ಬಿಗಿಯಾದ ಸ್ಪ್ರಿಂಗ್ ಪುಟಿಯುವುದನ್ನು ಅದು ಹಿಡಿಯಲಾರದು. ಘಾಟಿಯಲ್ಲಿ ಚಕ್ರ ಕುಣಿದದ್ದು ಹಾಗೆ.

ಮುಂದಿನ ಟೈರುಗಳ ಒಳಬದಿ ಸವೆದು ನುಣ್ಣಗಾಗಿತ್ತು. ಗಾಡಿ ಕೆಳಗಿಳಿದಾಗ ಚಕ್ರದ ಕೋನ ಬದಲಾಗುತ್ತದೆ, ನಾನು ಅಲೈನ್‌ಮೆಂಟ್ ಮಾಡಿಸಿರಲಿಲ್ಲ. ಹೊರಗಿನಿಂದ ನೋಡಿದರೆ ಟೈರು ಹೊಸದರ ಹಾಗೆ ಕಾಣುತ್ತಿತ್ತು.

ಕೊನೆಗೆ ನಾಲ್ಕೂ ಕಡೆ ಕಂಪನಿ ಸ್ಪ್ರಿಂಗ್, ಹೊಸ ಬಂಪ್ ಸ್ಟಾಪ್, ಹೊಸ ಶಾಕಪ್ಸರ್ ಹಾಕಿಸಿದೆ. ಉಳಿಸಿದೆ ಅಂದುಕೊಂಡ ದುಡ್ಡಿಗಿಂತ ಜಾಸ್ತಿಯೇ ಹೋಯ್ತು. ಲೋ ಮಾಡಲೇಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟು: ಗಿಡ್ಡವಾಗಿಯೇ ಸುತ್ತಿದ, ತುದಿ ಸರಿ ಇರುವ ಸ್ಪ್ರಿಂಗ್ ತಗೊಳ್ಳಿ, ಅದಕ್ಕೆ ಹೊಂದುವ ಶಾಕಪ್ಸರ್ ಜೊತೆಗೇ ಹಾಕಿಸಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಗಾಡಿ ಮಾರ್ಪಾಡಿನ ಬಗ್ಗೆಯೇ ಇದೆ, ಹಾಗಾಗಿ ಆರ್‌ಟಿಓ ಮತ್ತು ಇನ್ಶೂರೆನ್ಸ್‌ನವರನ್ನು ಮೊದಲೇ ಕೇಳಿಕೊಳ್ಳಿ.

ಈಗಾಗಲೇ ಕಟ್ ಮಾಡಿಸಿದ್ದೀರಾ? ಹಾಗಾದರೆ ನಾಳೆ ಬೆಳಿಗ್ಗೆ ಸಮತಟ್ಟಾದ ಜಾಗದಲ್ಲಿ ಜಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರ ಪೂರ್ತಿ ಜೋತು ಬೀಳಲು ಬಿಡಿ. ಸ್ಪ್ರಿಂಗನ್ನು ಕೈಯಿಂದ ತಿರುಗಿಸಿ ನೋಡಿ. ತಿರುಗಿದರೆ ದಯವಿಟ್ಟು ಆ ಗಾಡಿಯನ್ನು ಘಾಟಿಗೆ ಒಯ್ಯಬೇಡಿ.